‘ಸುಮ್ಮನೆ’ಯವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಶ್ರೀ ‘ಸುಮ್ಮನೆ’ಯವರು,
ಬಿಡಾರ: ಎಲ್ಲ ‘ರೀಡ್‌ಮಿ’ ಕಡತಗಳ ಮೊದಲ ಪ್ಯಾರಾ.

ವಿಷಯ: ಎಡಿಟರಿಗೆ ಒಂದು ಪ್ಯಾಕೇಜನ್ನು ಸೋರ್ಸ್‌ನಿಂದ ಹಾಕಿಕೊಳ್ಳುವ ಕಾರ್ಯದಲ್ಲಿ ತಾವು ನೀಡಿದ ಅಮೂಲ್ಯ ನೆರವಿನ ಕುರಿತು.

ಉಲ್ಲೇಖ: ಅಕ್ಕನ ಮಗಳಿಗೆ ಮಾಡಿದ ಫೋನ್ ಕರೆ, ಶನಿವಾರ ಸಂಜೆ, ಒಂದು ನಿಮಿಷ ಹತ್ತು ಸೆಕೆಂಡು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಇಲ್ಲಿ ಕ್ಷೇಮ. ನನ್ನ ಲ್ಯಾಪ್‌ಟಾಪು ಮಂಗಳವಾರ ಬೆಳಗಿನ ಜಾವ ಒಂದೂವರೆಯಿಂದ ಕ್ಷೇಮ. ತಾವಂತೂ ಕ್ಷೇಮವಾಗಿಯೇ ಇರುತ್ತೀರಿ. ಊರವರನ್ನೆಲ್ಲ ಬಾವಿಗೆ ಇಳಿಸಿ ತಾವು ದಡದಲ್ಲಿ ಹಗ್ಗ ಹಿಡಿದು ನಿಲ್ಲುವವರು. ಹಗ್ಗದ ಇನ್ನೊಂದು ತುದಿ ಯಾವುದಕ್ಕೂ ಕಟ್ಟಿರುವುದಿಲ್ಲ ಎಂಬುದು ಇಳಿದವರಿಗೆ ಆಮೇಲೆ ತಿಳಿಯುತ್ತದೆ.

ತಾವು ಕನ್ನಡದ ಹಳೆಯ ಕುಳ. ಮಗುವಿಗೆ ‘ಸುಮ್ಮನಿರು’ ಎಂದರೆ ಬಾಯಿ ಮುಚ್ಚಿಸುವವರು ತಾವು. ಸಾಲ ಕೇಳಲು ಬಂದವನು ಕಾಫಿ ಮುಗಿಯುವವರೆಗೂ ‘ಸುಮ್ನೆ ಬಂದೆ’ ಎಂದರೆ ಅವನ ಮಾನ ಕಾಯುವವರು ತಾವು. ‘ಸುಮ್ನೆ ಹೇಳ್ದೆ ಕಣೋ’ ಎಂದಾಗ ಸುಳ್ಳಿಗೆ ಜಾಮೀನು ನಿಲ್ಲುವವರೂ ತಾವೇ. ‘ಇಪ್ಪತ್ತು ವರ್ಷ ಸಂಸಾರ ತೂಗಿಸೋದು ಸುಮ್ನೆ ಅಲ್ಲ’ ಎಂದರೆ ಕಷ್ಟದ ಪರವಾಗಿ ಸಾಕ್ಷಿ ಹೇಳುತ್ತೀರಿ. ಮಗಳು ಬರುವುದು ತಡವಾದ ರಾತ್ರಿ ಗೇಟಿನ ಹತ್ತಿರ ನಿಂತ ತಾಯಿಯನ್ನು ‘ಯಾಕಮ್ಮ ಇಲ್ಲಿ ನಿಂತಿದ್ದೀಯ’ ಎಂದು ಕೇಳಿದರೆ ಆಕೆಯ ಬಾಯಲ್ಲಿ ಬರುವ ಉತ್ತರವೂ ತಾವೇ. ಇಷ್ಟು ಸಂಸ್ಕಾರವಂತರಾದ ತಾವು ಕಂಪ್ಯೂಟರಿನವರ ಸಹವಾಸಕ್ಕೆ ಬಿದ್ದದ್ದು ಯಾವಾಗ ಎಂಬುದೇ ನನ್ನ ಬೆರಗು. ಅಲ್ಲಿ ತಮಗೆ ಒಂದೇ ಕೆಲಸ ಕೊಟ್ಟಿದ್ದಾರೆ: ಕ್ರಿಯಾಪದದ ಮುಂದೆ ನಿಂತು, ಆ ಕ್ರಿಯೆ ಇಲ್ಲವೇ ಇಲ್ಲ ಎನ್ನಿಸುವುದು.

ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಮೈಸೂರಿನವನು. ಅನುವಾದ ಮಾಡುತ್ತೇನೆ, ಅದರಲ್ಲಿ ಹೊಟ್ಟೆ ತುಂಬದ ತಿಂಗಳು ಬೇರೆಯವರ ಪುಸ್ತಕಗಳ ಪ್ರೂಫ್ ತಿದ್ದುತ್ತೇನೆ. ಬರೆಯುವುದು ಈಮ್ಯಾಕ್ಸ್ ಎಂಬ ಎಡಿಟರಿನಲ್ಲಿ. ‘ಅದೆಂಥದ್ದು, ವರ್ಡ್ ಇಲ್ವಾ?’ ಎನ್ನುವವರಿಗೆ ಉತ್ತರ ಹೇಳಿ ಹೇಳಿ ಸಾಕಾಗಿ ಈಗ ‘ಸುಮ್ನೆ, ಅಭ್ಯಾಸ’ ಎನ್ನುತ್ತೇನೆ. ಹಾಗಾಗಿ ತಮ್ಮ ಋಣ ನನ್ನ ಮೇಲೂ ಇದೆ.

ಈಮ್ಯಾಕ್ಸ್‌ಗೆ ನನಗಿಂತ ಹೆಚ್ಚು ಸಹನೆ. ಅದು ಹುಟ್ಟಿದ್ದು 1976ರಲ್ಲಿ, ಅಮೆರಿಕದ ಎಂಐಟಿಯ ಪ್ರಯೋಗಾಲಯದಲ್ಲಿ, ಟೆಕೊ ಎಂಬ ಹಳೆಯ ಎಡಿಟರಿಗೆ ಬರೆದ ಮ್ಯಾಕ್ರೋಗಳ ಗಂಟಾಗಿ. ಹೆಸರಿನ ಅರ್ಥವೇ ‘ಎಡಿಟರ್ ಮ್ಯಾಕ್ರೋಸ್’. ಅಂದರೆ ಮೂಲದಲ್ಲೇ ಅದು ಇನ್ನೊಂದಕ್ಕೆ ತೊಡಿಸಿದ ಆಡ್-ಆನ್. ರಿಚರ್ಡ್ ಸ್ಟಾಲ್‌ಮನ್ 1985ರಲ್ಲಿ ಗ್ನೂ ಈಮ್ಯಾಕ್ಸನ್ನು ಹೊರತಂದಾಗ, ನೆಟ್‌ವರ್ಕ್ ಇಲ್ಲದವರಿಗೆ ಅದನ್ನು ಟೇಪಿನಲ್ಲಿ ತುಂಬಿ 150 ಡಾಲರಿಗೆ ಅಂಚೆಯಲ್ಲಿ ಕಳಿಸುತ್ತಿದ್ದರು. ಆ ಟೇಪು ಬಿಚ್ಚಿಕೊಂಡವರಿಗೆ ಸೋರ್ಸ್‌ನಿಂದ, ಅಂದರೆ ಬರೆದವರ ಮೂಲ ಪಠ್ಯದಿಂದ, ಕಟ್ಟಿಕೊಳ್ಳುವುದು ನಿತ್ಯದ ಕೆಲಸ. ತಾವು ಆ ಕಾಲದಿಂದಲೇ ಅಲ್ಲಿ ಬಾಡಿಗೆಗೆ ಇದ್ದೀರೆಂದು ನನ್ನ ಗುಮಾನಿ.

ಕನ್ನಡಕ್ಕೂ ಅಲ್ಲಿ ಜಾಗವಿದೆ. ಕಂಟ್ರೋಲ್ ಎಚ್ ಒತ್ತಿ ಮತ್ತೊಮ್ಮೆ ಎಚ್ ಒತ್ತಿದರೆ ಲೋಕದ ಹತ್ತಾರು ಭಾಷೆಗಳ ವಂದನೆಗಳ ಪಟ್ಟಿ ತೆರೆಯುತ್ತದೆ. ಅದರಲ್ಲಿ ನಮ್ಮ ‘ನಮಸ್ಕಾರ’ವೂ ಕೈಮುಗಿದು ನಿಂತಿದೆ. ಕನ್ನಡ ಕೀಲಿಮಣೆಯ ಎರಡು ವಿಧಾನಗಳು, ಐಟ್ರಾನ್ಸ್ ಮತ್ತು ಇನ್‌ಸ್ಕ್ರಿಪ್ಟ್, ಎಡಿಟರಿನ ಜೊತೆಗೇ ಬರುತ್ತವೆ. 2020ರ 27ನೇ ಆವೃತ್ತಿಯಿಂದ ಹಾರ್ಫ್‌ಬಜ್ ಎಂಬ ಅಕ್ಷರ ಜೋಡಿಸುವ ಯಂತ್ರ ಸೇರಿಕೊಂಡ ಮೇಲೆ ಒತ್ತಕ್ಷರಗಳು ತಮ್ಮ ತಮ್ಮ ತಾಯಿಯ ಕಾಲಬುಡದಲ್ಲಿ ಸೊಂಪಾಗಿ ಕೂರುತ್ತಿವೆ. ಇಷ್ಟು ಸುಖವಿದ್ದವನು ಸುಮ್ಮನಿರಬೇಕಿತ್ತು. ಇರಲಿಲ್ಲ.

ಅನುವಾದ ಮಾಡುವವನ ಆಸೆ ದೊಡ್ಡದೇನಲ್ಲ. ಎಡಗಡೆ ಮೂಲ ಪುಸ್ತಕದ ಪಿಡಿಎಫ್, ಬಲಗಡೆ ನನ್ನ ಕನ್ನಡ, ಎರಡೂ ಒಂದೇ ಕಿಟಕಿಯಲ್ಲಿ. ಎಡಿಟರಿನೊಳಗೇ ಪಿಡಿಎಫ್ ತೆರೆದು, ಸಾಲಿಗೆ ಬಣ್ಣ ಬಳಿದು, ಟಿಪ್ಪಣಿ ಅಂಟಿಸಲು ಬಿಡುವ ಪ್ಯಾಕೇಜ್ ಒಂದಿದೆಯಂತೆ. ಹೆಸರು ಹೇಳುವುದಿಲ್ಲ, ಅದನ್ನು ಬರೆದವರು ನನ್ನಿಂದ ಒಂದು ಕಾಸು ಕೇಳದೆ ಬರೆದವರು, ಅವರ ಮೇಲೆ ನನ್ನ ದೂರಿಲ್ಲ. ಅಕ್ಕನ ಮಗಳಿಗೆ ಫೋನ್ ಮಾಡಿದೆ. ಅವಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಹಿಂದೆ ಕುಕ್ಕರ್ ಸೀಟಿ ಹೊಡೆಯುತ್ತಿತ್ತು.

‘ಮಾಮ, ರೆಡಿ ಪ್ಯಾಕೇಜು ಹಳೇದಿರತ್ತೆ. ಸುಮ್ನೆ ಸೋರ್ಸ್ ಕ್ಲೋನ್ ಮಾಡ್ಕೊ, ಸುಮ್ನೆ ಮೇಕ್ ಹೊಡಿ, ಸುಮ್ನೆ ಇನಿಟ್ ಫೈಲಲ್ಲಿ ಒಂದು ಲೈನ್ ಹಾಕು. ಅಷ್ಟೇ. ಇಡ್ಲಾ?’

ಒಂದೇ ಉಸಿರಿನಲ್ಲಿ ತಾವು ಮೂರು ಸಲ ಬಂದಿರಿ, ಮಾನ್ಯರೇ. ಪ್ಯಾಕೇಜಿನ ಜೊತೆ ಬರುವ ಸೂಚನೆಗಳ ಕಡತ ರೀಡ್‌ಮಿಯನ್ನು ತೆರೆದು ನೋಡಿದರೆ ಅಲ್ಲೂ ಮೂರೇ ಸಾಲು, ಅಲ್ಲೂ ತಾವೇ, ಇಂಗ್ಲಿಷ್ ಕೋಟು ತೊಟ್ಟು ‘ಜಸ್ಟ್’ ಎಂಬ ಹೆಸರಿನಲ್ಲಿ. ಮೂರು ಸಾಲಿನಲ್ಲಿ ಮುಗಿಯುವುದನ್ನು ನೋಡಿ ನಾನು ಹೆಂಡತಿಗೆ ‘ಅನ್ನಕ್ಕಿಡು, ಬಂದೆ’ ಎಂದೆ.

ಮೊದಲ ಸಾಲು ನಿಜಕ್ಕೂ ಸುಮ್ಮನೆ ಆಯಿತು. ‘ಗಿಟ್ ಕ್ಲೋನ್’ ಎಂದ ಕೂಡಲೇ ಸೋರ್ಸ್ ಪೂರ್ತಿ, ಅದರ ವರ್ಷಗಳ ತಿದ್ದುಪಡಿಗಳ ಇತಿಹಾಸದ ಸಮೇತ, ಬಂದು ಬಿತ್ತು. ಪ್ರೂಫ್ ತಿದ್ದುವವನಿಗೆ ಇದೊಂದು ಕನಸು. ಯಾರು, ಯಾವತ್ತು, ಯಾವ ಅಲ್ಪವಿರಾಮ ತೆಗೆದರು, ಯಾಕೆ ತೆಗೆದರು ಎಂಬುದೆಲ್ಲ ದಾಖಲೆಯಲ್ಲಿದೆ. ನಮ್ಮ ಪ್ರಕಾಶನಗಳಲ್ಲಿ ಇಂಥದ್ದೊಂದು ಇದ್ದಿದ್ದರೆ ಎಷ್ಟು ಸ್ನೇಹಗಳು ಮುರಿಯುತ್ತಿದ್ದವೋ.

ಎರಡನೆಯ ಸಾಲು ‘ಮೇಕ್’, ಸೋರ್ಸನ್ನು ಓಡುವ ತಂತ್ರಾಂಶವಾಗಿ ಕಟ್ಟುವ ಕಮಾಂಡ್. ಹೊಡೆದೆ. ‘ಮೇಕ್ ಎಂಬ ಕಮಾಂಡ್ ಸಿಗಲಿಲ್ಲ’ ಎಂದಿತು. ಬರೆಯುವವನ ಯಂತ್ರದಲ್ಲಿ ಕಟ್ಟುವವನ ಸಲಕರಣೆ ಇರುವುದಿಲ್ಲ ಎಂಬುದು ರೀಡ್‌ಮಿ ಬರೆದವರಿಗೆ ಹೊಳೆಯುವುದಾದರೂ ಹೇಗೆ? ಕಮ್ಮಾರನಿಗೆ ಸುತ್ತಿಗೆ ಇಲ್ಲದ ಮನೆ ಗೊತ್ತಿರುವುದಿಲ್ಲ. ಕಂಪೈಲರ್, ಮೇಕ್ ಮುಂತಾದವನ್ನು ಒಟ್ಟಿಗೆ ತರುವ ಗಂಟೊಂದಿದೆ ಎಂದು ತಿಳಿದು, ಅದನ್ನು ಇಳಿಸಿಕೊಂಡೆ. ಆಮೇಲೆ ನೋಡಿದರೆ, ಮೇಕ್‌ಗೂ ಮೊದಲು ‘ಕಾನ್ಫಿಗರ್’ ಎಂಬ ಕಡತವನ್ನು ಓಡಿಸಬೇಕಿತ್ತು. ಹುಡುಕಿದೆ. ಆ ಕಡತವೇ ಇಲ್ಲ.

ಇದರ ಹಿಂದಿನ ನ್ಯಾಯ ತಿಳಿಯಲು ನನಗೆ ಶನಿವಾರದ ಊಟ ತಣ್ಣಗಾಗಬೇಕಾಯಿತು. ಸಿದ್ಧಪಡಿಸಿ ಕಟ್ಟಿಟ್ಟ ಪೊಟ್ಟಣವನ್ನು ತಂದರೆ ಕಾನ್ಫಿಗರ್ ಅದರೊಳಗೇ ಇರುತ್ತದೆ. ಗಿಟ್‌ನಿಂದ ನೇರ ತಂದವರಿಗೆ ಇರುವುದಿಲ್ಲ. ಏಕೆಂದರೆ ಅದು ಮನುಷ್ಯರು ಬರೆದದ್ದಲ್ಲ, ಆಟೊಕಾನ್ಫ್ ಎಂಬ ಇನ್ನೊಂದು ಸಲಕರಣೆ ಹಡೆದದ್ದು. ಹಡೆದದ್ದನ್ನು ಸೋರ್ಸ್ ಎಂದು ಇಟ್ಟುಕೊಳ್ಳುವುದು ಅವರ ಶಿಸ್ತಿಗೆ ಒಪ್ಪುವುದಿಲ್ಲ. ಅಂದರೆ ಪ್ಯಾಕೇಜ್ ಕಟ್ಟಲು ಮೇಕ್‌ಗೆ ಅಪ್ಪಣೆ ಕೊಡುವ ಮೇಕ್‌ಫೈಲ್ ಬೇಕು, ಮೇಕ್‌ಫೈಲ್ ಹುಟ್ಟಲು ಕಾನ್ಫಿಗರ್ ಬೇಕು, ಕಾನ್ಫಿಗರ್ ಹುಟ್ಟಲು ಆಟೊಕಾನ್ಫ್ ಬೇಕು, ಅದರ ಜೊತೆಗೆ ಆಟೊಮೇಕ್ ಬೇಕು. ಮದುವೆಗೆ ಹೊರಟವನನ್ನು ಮೊದಲು ಮುತ್ತಜ್ಜನ ಜಾತಕ ತಾ ಎಂದು ಕಳಿಸಿದ ಹಾಗೆ. ಜಾತಕ ತಂದೆ.

ಕೊನೆಗೂ ಕಾನ್ಫಿಗರ್ ಓಡಿತು. ಮಾನ್ಯರೇ, ಇಷ್ಟು ಪ್ರಶ್ನೆ ಕೇಳುವ ಮತ್ತೊಬ್ಬರನ್ನು ನಾನು ಹೆಣ್ಣು ನೋಡಲು ಹೋದಾಗಲೂ ಕಂಡಿರಲಿಲ್ಲ. ಸಿ ಕಂಪೈಲರ್ ಇದೆಯೇ? ಇದೆ. ಅದು ಕೆಲಸ ಮಾಡುತ್ತದೆಯೇ? ಮಾಡುತ್ತದೆ. ಅದು ಕೊಡುವ ಕಡತದ ಬಾಲ ಯಾವುದು? ಹೀಗೆ ಸಾಲುಸಾಲು. 1991ರಲ್ಲಿ ಡೇವಿಡ್ ಮೆಕೆಂಜಿ ಆಟೊಕಾನ್ಫ್ ಶುರುಮಾಡಿದಾಗ ಊರಿಗೊಂದು ತರಹದ ಯೂನಿಕ್ಸ್ ಇತ್ತು. ಯಾವ ಮನೆಯಲ್ಲಿ ಒಲೆ ಎಲ್ಲಿದೆ, ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಕೇಳಿಕೊಂಡೇ ಅಡುಗೆ ಶುರುಮಾಡಬೇಕಿತ್ತು. ಆ ಪ್ರಶ್ನೆಗಳಲ್ಲೊಂದು ನನ್ನ ಮನಸ್ಸು ತಟ್ಟಿತು. ‘ಕಟ್ಟುವ ಪರಿಸರ ಸ್ವಸ್ಥಚಿತ್ತವಾಗಿದೆಯೇ ಎಂದು ಪರೀಕ್ಷಿಸಲಾಗುತ್ತಿದೆ... ಹೌದು.’ ಇದು ನನ್ನ ತಮಾಷೆಯಲ್ಲ, ಪರದೆಯ ಮೇಲೆ ನಿಜವಾಗಿ ಮೂಡುವ ಸಾಲು. ಅದು ನೋಡುವುದು ಗಡಿಯಾರ ನೆಟ್ಟಗಿದೆಯೇ, ಈಗ ಹುಟ್ಟಿದ ಕಡತ ಮೊದಲು ಹುಟ್ಟಿದ್ದಕ್ಕಿಂತ ಹೊಸದೆಂದು ತೋರುತ್ತದೆಯೇ ಮುಂತಾದ್ದನ್ನು. ರಾತ್ರಿ ಹನ್ನೊಂದಕ್ಕೆ ಕಣ್ಣು ಕೆಂಪಾಗಿಸಿಕೊಂಡು ಕೂತವನ ಚಿತ್ತ ಅದರ ವ್ಯಾಪ್ತಿಗೆ ಬರುವುದಿಲ್ಲ. ನಮ್ಮನೆಯಲ್ಲಿ ಆ ಪರೀಕ್ಷೆ ಬೇರೆಯವರು ನಡೆಸಿದರು. ಫಲಿತಾಂಶ ‘ಇಲ್ಲ’ ಎಂದು ಬಂತು.

ಎಲ್ಲದಕ್ಕೂ ‘ಹೌದು’ ಹೇಳುತ್ತಾ ಬಂದ ಕಾನ್ಫಿಗರ್ ಒಂದು ಕಡೆ ಮುಖ ಸಿಂಡರಿಸಿತು: ‘ಪಾಪ್ಲರ್-ಜಿಲಿಬ್ ಸಿಗಲಿಲ್ಲ.’

ಪಾಪ್ಲರ್ ಎಂದರೆ ಪಿಡಿಎಫ್ ಓದಿ ಪುಟವಾಗಿ ಬಿಡಿಸುವ ಲೈಬ್ರರಿ. ಎಕ್ಸ್‌ಪಿಡಿಎಫ್ ಎಂಬ ಹಳೆಯ ಓದುಗ ತಂತ್ರಾಂಶದಿಂದ 2005ರಲ್ಲಿ ಕವಲೊಡೆದದ್ದು. ಹೆಸರು ಬಂದದ್ದು ‘ಫ್ಯೂಚುರಾಮ’ ಎಂಬ ಕಾರ್ಟೂನು ಧಾರಾವಾಹಿಯ ಒಂದು ಕಂತಿನಿಂದ. ಲಿನಕ್ಸಿನಲ್ಲಿ ಪಿಡಿಎಫ್ ತೋರಿಸುವ ಎಷ್ಟೋ ತಂತ್ರಾಂಶಗಳ ಹೊಟ್ಟೆಯಲ್ಲಿ ಇರುವುದು ಇದೇ. ನನ್ನ ಯಂತ್ರದಲ್ಲೂ ಇತ್ತು! ಐದು ನಿಮಿಷ ಹಿಂದಷ್ಟೇ ಅದರ ಕೃಪೆಯಿಂದಲೇ ಕರೆಂಟ್ ಬಿಲ್ ತೆರೆದು ನೋಡಿದ್ದೆ. ಕಣ್ಣೆದುರೇ ಇರುವುದನ್ನು ಇಲ್ಲ ಎನ್ನುವ ಕಲೆ ನನಗೆ ಕಚೇರಿಗಳಲ್ಲಿ ಪರಿಚಯವಿತ್ತು, ಯಂತ್ರಗಳಲ್ಲಿ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಗುಟ್ಟು ತಿಳಿಯಿತು. ಲೈಬ್ರರಿ ಎರಡು ರೂಪದಲ್ಲಿ ಬರುತ್ತದೆ. ಒಂದು ಉಣ್ಣುವವರಿಗೆ, ಇನ್ನೊಂದು ಅಡುಗೆ ಮಾಡುವವರಿಗೆ. ಉಣ್ಣುವವರಿಗೆ ಸಾರು ಬಡಿಸಿದರೆ ಸಾಕು. ಅದರಲ್ಲಿ ಏನೇನು ಬಿದ್ದಿದೆ, ಯಾವುದನ್ನು ಯಾವ ಹೆಸರಿನಿಂದ ಕರೆಯಬೇಕು ಎಂಬ ಚೀಟಿ ಬೇಕಿಲ್ಲ. ಅದನ್ನೇ ಬಳಸಿ ಹೊಸ ಅಡುಗೆ ಮಾಡುವವರಿಗೆ ಮಾತ್ರ ಆ ಚೀಟಿ ಬೇಕು. ಆ ಚೀಟಿಗಳಿಗೆ ಹೆಡರ್ ಕಡತಗಳು ಎಂದು ಹೆಸರು. ಡೆಬಿಯನ್, ಉಬುಂಟು ಮನೆತನದಲ್ಲಿ ಅವನ್ನು ಬೇರೆ ಪೊಟ್ಟಣ ಕಟ್ಟಿ ಹೆಸರಿನ ಕೊನೆಗೆ ‘ಡೆವ್’ ಎಂದು ಬಾಲ ಅಂಟಿಸುತ್ತಾರೆ; ಫೆಡೋರಾ ಮನೆತನದಲ್ಲಿ ‘ಡೆವೆಲ್’. ಯಂತ್ರ ಸುಳ್ಳಾಡಿರಲಿಲ್ಲ. ಅದು ಕೇಳಿದ್ದು ಪಾಪ್ಲರನ್ನಲ್ಲ, ಪಾಪ್ಲರಿನ ಚೀಟಿಯನ್ನು. ಅಷ್ಟು ಹೇಳಿದ್ದರೆ ಮುಗಿಯುತ್ತಿತ್ತು. ಹೇಳುವ ಜಾಗದಲ್ಲಿ ತಾವು ಕೂತಿದ್ದಿರಿ.

ಚೀಟಿ ತಂದ ಮೇಲೆ ಕಾನ್ಫಿಗರ್ ಒಪ್ಪಿಕೊಂಡಿತು. ನ್ಯಾಯವಾಗಿ ಹೇಳಬೇಕೆಂದರೆ, ಮುಂದಿನ ತಪ್ಪು ನನ್ನದೇ. ಆದರೆ ಅದು ವೃತ್ತಿಯಿಂದ ಬಂದ ತಪ್ಪು, ಕ್ಷಮಾರ್ಹ. ಒಂದು ಕಡತದ ವಿಳಾಸ ಬದಲಿಸಲು ಮೇಕ್‌ಫೈಲನ್ನು ಬೇರೊಂದು ಎಡಿಟರಿನಲ್ಲಿ ತೆರೆದೆ. ನೋಡಿದರೆ ಅಂಚು ನೆಟ್ಟಗಿಲ್ಲ. ಕೆಲವು ಸಾಲಿನ ಮುಂದೆ ಟ್ಯಾಬ್, ಕೆಲವು ಕಡೆ ಖಾಲಿ ಜಾಗ. ಪ್ರೂಫ್ ತಿದ್ದುವವನ ಕೈ ಸುಮ್ಮನಿರುವುದುಂಟೇ? ಟ್ಯಾಬುಗಳನ್ನೆಲ್ಲ ತೆಗೆದು, ಒಂದೊಂದರ ಜಾಗಕ್ಕೆ ನಾಲ್ಕು ಖಾಲಿ ಜಾಗ ಕೂರಿಸಿ, ಅಚ್ಚಿಗೆ ಕಳಿಸಬಹುದಾದಷ್ಟು ಅಂದ ಮಾಡಿ ಉಳಿಸಿದೆ. ಮೇಕ್ ಹೊಡೆದೆ. ‘ಬೇರ್ಪಡಿಸುವ ಚಿಹ್ನೆ ಕಾಣೆಯಾಗಿದೆ. ನಿಲ್ಲಿಸಲಾಗಿದೆ’ ಎಂದಿತು.

ಕಣ್ಣಿಗೆ ಕಾಣದ ಚಿಹ್ನೆ ಕಾಣೆಯಾಗಿದೆ ಎಂಬ ದೂರನ್ನು ಯಾವ ಠಾಣೆಯಲ್ಲಿ ಕೊಡುವುದು? ಮೇಕ್‌ನ ಕಾನೂನಿನಲ್ಲಿ ಅಪ್ಪಣೆಯ ಸಾಲು ಟ್ಯಾಬಿನಿಂದಲೇ ಶುರುವಾಗಬೇಕು. ಖಾಲಿ ಜಾಗ ಎಷ್ಟಿದ್ದರೂ ಅದು ಟ್ಯಾಬ್ ಅಲ್ಲ. ಅದರಲ್ಲೂ ಒಂದು ಸ್ವಾರಸ್ಯ ನೋಡಿ. ಸಾಲಿನ ಮುಂದೆ ಎಂಟು ಖಾಲಿ ಜಾಗ ಇಟ್ಟಿದ್ದರೆ ಗ್ನೂ ಮೇಕ್ ‘ಟ್ಯಾಬ್ ಎಂದು ತಮ್ಮ ಮನಸ್ಸಿನಲ್ಲಿತ್ತೇ?’ ಎಂದು ವಿನಯದಿಂದ ಕೇಳುತ್ತದೆ. ನಾನು ನಾಲ್ಕೇ ಇಟ್ಟಿದ್ದೆ. ನಾಲ್ಕು ಇಟ್ಟವನಿಗೆ ಆ ಮರ್ಯಾದೆ ಇಲ್ಲ.

ಈ ಟ್ಯಾಬಿನ ಕಥೆ ತಮಗೆ ಇಷ್ಟವಾಗುತ್ತದೆ, ಏಕೆಂದರೆ ಅದರಲ್ಲಿ ತಾವಿದ್ದೀರಿ. ಮೇಕ್ ಬರೆದವರು ಸ್ಟೂವರ್ಟ್ ಫೆಲ್ಡ್‌ಮನ್, 1976ರಲ್ಲಿ, ಬೆಲ್ ಲ್ಯಾಬ್ಸ್‌ನಲ್ಲಿ. ಆ ಹೊತ್ತಿಗೆ ಕೆಲಸ ಸಾಗಲೆಂದು ಟ್ಯಾಬನ್ನು ಗುರುತಾಗಿ ಇಟ್ಟರು. ಸುಮ್ಮನೆ. ಕೆಲವೇ ವಾರದಲ್ಲಿ ಸುಮಾರು ಒಂದು ಡಜನ್ ಜನ ಅದನ್ನು ಬಳಸತೊಡಗಿದ್ದರು, ಹೆಚ್ಚಿನವರು ಸ್ನೇಹಿತರೇ. ಬದಲಿಸಿದರೆ ಅವರಿಗೆ ತೊಂದರೆಯಾದೀತೆಂದು ಹಾಗೇ ಬಿಟ್ಟೆ ಎಂದು ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಹನ್ನೆರಡು ಜನ ಗೆಳೆಯರಿಗೆ ಬೇಸರವಾಗಬಾರದೆಂಬ ದಾಕ್ಷಿಣ್ಯ ಸುಮಾರು ಐವತ್ತು ವರ್ಷ ದಾಟಿ, ಭಾನುವಾರ ರಾತ್ರಿ ಮೈಸೂರಿನ ಒಂದು ಮನೆಗೆ ಬಂದು ಬಾಗಿಲು ತಟ್ಟಿತು. ಫೆಲ್ಡ್‌ಮನ್ನರಿಗೆ ಮೇಕ್‌ಗಾಗಿ ಎಸಿಎಂ ಎಂಬ ಕಂಪ್ಯೂಟರ್ ಸಂಘದ 2003ನೇ ಸಾಲಿನ ಪ್ರಶಸ್ತಿ ಬಂದಿದೆ. ನನ್ನ ಅಭ್ಯಂತರವಿಲ್ಲ, ದಾಕ್ಷಿಣ್ಯ ಎಂದರೇನು ಎಂದು ನಮ್ಮ ಊರಿನವರಿಗೆ ಗೊತ್ತು.

ಟ್ಯಾಬುಗಳನ್ನು ಒಂದೊಂದಾಗಿ ಮನೆಗೆ ಕರೆತಂದ ಮೇಲೆ ಸಿ ಭಾಗ ಕಟ್ಟಿಕೊಂಡಿತು. ಅದೊಂದು ಸಣ್ಣ ಸಹಾಯಕ ತಂತ್ರಾಂಶ. ಪಿಡಿಎಫ್ ಪುಟವನ್ನು ಚಿತ್ರವಾಗಿ ಬಿಡಿಸಿ ಎಡಿಟರಿನ ಕೈಗೆ ಕೊಡುವುದು ಅದರ ಕೆಲಸ. ತೆಗೆದುಕೊಂಡು ತೋರಿಸುವುದು ಎಡಿಟರಿನದೇ ಭಾಷೆಯಾದ ಲಿಸ್ಪ್‌ನಲ್ಲಿ ಬರೆದ ಭಾಗದ ಕೆಲಸ. ಈಗ ಉಳಿದದ್ದು ಮೂರನೆಯ ಸಾಲು, ‘ಸುಮ್ನೆ ಇನಿಟ್ ಫೈಲಲ್ಲಿ ಒಂದು ಲೈನ್’. ಇನಿಟ್ ಫೈಲ್ ಎಂದರೆ ಎಡಿಟರ್ ತಾನು ತೆರೆದಾಗಲೆಲ್ಲ ಓದುವ ಕಡತ.

ಲಿಸ್ಪ್ ಆವರಣಗಳ ಭಾಷೆ. ತೆರೆದ ಪ್ರತಿ ಆವರಣವನ್ನೂ ಮುಚ್ಚಬೇಕು. ಕಡತದ ಮೊದಲಿಗೇ ಒಂದು ಸಾಲು ಹಾಕಿದೆ. ಎಡಿಟರ್ ಮುಚ್ಚಿ ತೆರೆದರೆ ನನ್ನ ಕನ್ನಡ ಕೀಲಿಮಣೆ ಇಲ್ಲ, ಬಣ್ಣಗಳಿಲ್ಲ, ವರ್ಷಗಳಿಂದ ಜೋಡಿಸಿಕೊಂಡ ಯಾವ ಅನುಕೂಲವೂ ಇಲ್ಲ. ‘ಓದುತ್ತಿರುವಾಗಲೇ ಕಡತ ಮುಗಿದುಹೋಯಿತು’ ಎಂಬ ದುಃಖದ ಒಂದು ಸಾಲು ಮಾತ್ರ ಇತ್ತು. ಒಂದು ಆವರಣ ಮುಚ್ಚಿರಲಿಲ್ಲ. ಬೇರೆಯವರ ಪುಸ್ತಕದಲ್ಲಿ ಮುಚ್ಚದ ಆವರಣ ಹಿಡಿದು ದುಡ್ಡು ತೆಗೆದುಕೊಳ್ಳುವವನು ನಾನು. ಇದನ್ನು ತಾವು ಯಾರಿಗೂ ಹೇಳಬಾರದಾಗಿ ಕೋರಿಕೆ.

ಆವರಣ ಮುಚ್ಚಿದೆ. ‘ಕಡತ ತೆರೆಯಲಾಗಲಿಲ್ಲ, ಅಂಥದ್ದು ಇಲ್ಲ’ ಎಂದಿತು. ಎಡಿಟರ್ ತನ್ನ ಪ್ಯಾಕೇಜುಗಳನ್ನು ಎಲ್ಲೆಂದರಲ್ಲಿ ಹುಡುಕುವುದಿಲ್ಲ. ಲೋಡ್-ಪಾತ್ ಎಂಬ ಪಟ್ಟಿಯಲ್ಲಿರುವ ಬೀದಿಗಳನ್ನಷ್ಟೇ ಸುತ್ತುತ್ತದೆ. ಪಕ್ಕದ ಬೀದಿಯಲ್ಲಿ ಕೂಗಿ ಕರೆದರೂ ತಿರುಗಿ ನೋಡುವುದಿಲ್ಲ. ಪಟ್ಟಿಗೆ ನನ್ನ ಬೀದಿ ಸೇರಿಸಿದೆ. ಈ ಸಲ ಬೇರೊಂದು ಹೆಸರು ಹೇಳಿ ‘ಅದು ಇಲ್ಲ’ ಎಂದಿತು. ಈ ಪ್ಯಾಕೇಜು ಇನ್ನೊಂದು ಪ್ಯಾಕೇಜಿನ ಹೆಗಲ ಮೇಲೆ ನಿಂತಿದೆಯಂತೆ, ಅದನ್ನೂ ತರಬೇಕು. ‘ಒಂದು ಲೈನ್’ ಎಂದದ್ದು ಆರು ಸಾಲಾಯಿತು. ಬೀಗರೊಬ್ಬರನ್ನು ಕರೆದರೆ ಬೀಗರ ಬೀಗರೂ ಬರುವುದು ನಮ್ಮಲ್ಲೂ ಇದೆ, ಆದರೆ ಆಮಂತ್ರಣದಲ್ಲಿ ‘ಸಕುಟುಂಬ’ ಎಂದಾದರೂ ಅಚ್ಚಾಗಿರುತ್ತದೆ.

ಕೊನೆಯ ಪೆಟ್ಟು ನನ್ನ ಕಸುಬಿನ ಮರ್ಮಕ್ಕೇ ಬಿತ್ತು. ಲಿಸ್ಪ್ ಕಡತಗಳನ್ನು ಎಡಿಟರ್ ಬೇಗ ಓದಲೆಂದು ಅರೆದು ಇನ್ನೊಂದು ರೂಪದಲ್ಲಿ ಇಡುವುದುಂಟು, ಬೈಟ್-ಕಂಪೈಲ್ ಎನ್ನುತ್ತಾರೆ. ನಾನು ಮೂಲದಲ್ಲಿ ಒಂದು ಬಣ್ಣದ ಹೆಸರು ತಿದ್ದಿದೆ. ಬಣ್ಣ ಬದಲಾಗಲಿಲ್ಲ. ಮತ್ತೆ ತಿದ್ದಿದೆ. ಊಹೂಂ. ಪರದೆಯ ಕೆಳಗೆ ಸಣ್ಣದಾಗಿ ಬರೆದಿತ್ತು: ‘ಮೂಲ ಕಡತ ಕಂಪೈಲ್ ಆದ ಕಡತಕ್ಕಿಂತ ಹೊಸದಾಗಿದೆ, ಹಳೆಯದನ್ನೇ ಬಳಸಲಾಗುತ್ತಿದೆ.’ ಇದನ್ನು ಓದಿ ನಾನು ಎದ್ದು ನಿಂತೆ. ತಿದ್ದಿದ ಪ್ರೂಫ್ ಮೇಜಿನ ಮೇಲಿದೆ, ತಿದ್ದಿದ್ದಾರೆ ಎಂದು ಪ್ರೆಸ್ಸಿನವರಿಗೂ ಗೊತ್ತಿದೆ, ಆದರೂ ಅಚ್ಚಿಗೆ ಹೋಗುವುದು ಹಳೆಯದೇ! ನನ್ನ ವೃತ್ತಿಜೀವನದ ಸಾರಾಂಶವನ್ನು ಒಂದು ಯಂತ್ರ ಒಂದೇ ಸಾಲಿನಲ್ಲಿ ಹೇಳಿಬಿಟ್ಟಿತ್ತು. ಪ್ರೆಸ್ಸಿನವರಿಗಿಂತ ಅದು ಮೇಲು. ಮಾಡುವುದನ್ನು ಹೇಳಿ ಮಾಡಿತು.

ಇಷ್ಟೆಲ್ಲ ಆದರೂ ತಮ್ಮ ಮೇಲೆ ನನಗೆ ಕೋಪವಿಲ್ಲ ಎಂದರೆ ನಂಬುತ್ತೀರಾ? ತಮ್ಮನ್ನು ಬಳಸುವವರು ದುಷ್ಟರಲ್ಲ. ಬೇರೆಯವರಿಗೆ ಕಷ್ಟವಾಗಲಿ ಎಂದು ಯಾರೂ ‘ಸುಮ್ಮನೆ’ ಎಂದು ಬರೆಯುವುದಿಲ್ಲ. ನನ್ನ ಅಜ್ಜಿಯ ಹತ್ತಿರ ಹುಳಿ ಮಾಡುವುದು ಹೇಗೆಂದು ಕೇಳಿದರೆ ‘ಬೇಳೆ ಬೇಯಿಸು, ತರಕಾರಿ ಹಾಕು, ಹದ ನೋಡಿ ಇಳಿಸು’ ಎನ್ನುತ್ತಿದ್ದರು. ಅಲ್ಲೂ ಮೂರೇ ಸಾಲು. ಅವರು ಮುಚ್ಚಿಟ್ಟದ್ದು ಏನೂ ಇರಲಿಲ್ಲ. ಎಷ್ಟೋ ವರ್ಷ ಒಲೆಯ ಮುಂದೆ ಕೂತ ಮೇಲೆ ಉಳಿದ ಇಪ್ಪತ್ತು ಸಾಲು ಅವರ ಕೈಗೆ ಇಳಿದುಹೋಗಿತ್ತು, ಬಾಯಿಗೆ ಸಿಗುತ್ತಿರಲಿಲ್ಲ. ಆದರೆ ಅಜ್ಜಿ ಮೂರು ಸಾಲು ಹೇಳಿ ಫೋನ್ ಇಡುತ್ತಿರಲಿಲ್ಲ. ಪಕ್ಕದಲ್ಲೇ ಕೂತಿರುತ್ತಿದ್ದರು. ‘ಉರಿ ಸಣ್ಣ ಮಾಡೋ’ ಎಂದು ಹೇಳುವ ಒಂದು ಬಾಯಿ ಹತ್ತಿರವಿದ್ದರೆ ಮೂರು ಸಾಲೂ ಹೆಚ್ಚೇ. ರೀಡ್‌ಮಿ ಎಂಬುದು ಅಜ್ಜಿ ಎದ್ದುಹೋದ ಅಡುಗೆಮನೆ.

ಈ ಸೋರ್ಸ್ ನಮ್ಮ ಕೈಗೆ ಸಿಗುವುದರ ಹಿಂದೆ ದೊಡ್ಡ ತತ್ವವಿದೆ. ತಂತ್ರಾಂಶ ಹೇಗೆ ಕೆಲಸ ಮಾಡುತ್ತದೆಂದು ನೋಡುವ, ಬೇಕಾದಂತೆ ತಿದ್ದುವ ಹಕ್ಕು ಬಳಸುವವನದು. ಅದಕ್ಕೆ ಸೋರ್ಸ್ ಸಿಗಲೇಬೇಕು ಎಂದು ಸ್ಟಾಲ್‌ಮನ್ ಕಡೆಯವರು ಎಂಬತ್ತರ ದಶಕದಿಂದ ಹೇಳುತ್ತಾ ಬಂದಿದ್ದಾರೆ. ನಾನು ಒಪ್ಪುತ್ತೇನೆ, ಆ ಹಕ್ಕನ್ನು ಮೂರು ದಿನ ಪೂರ್ತಿ ಅನುಭವಿಸಿದ್ದೇನೆ. ಖಾತೆ ನನ್ನ ಹೆಸರಿಗಾಗಿದೆ, ಪಹಣಿಯಲ್ಲಿ ನನ್ನ ಹೆಸರಿದೆ. ಹೊಲಕ್ಕೆ ಹೋಗುವ ದಾರಿ ಮಾತ್ರ ಯಾವ ನಕ್ಷೆಯಲ್ಲೂ ಇಲ್ಲ. ಕೇಳಿದರೆ ‘ಸುಮ್ನೆ ಹೀಗೇ ನೇರ ಹೋಗಿ’ ಎನ್ನುತ್ತಾರೆ.

ಇನ್ನು ಕಡೆಯ ಅಂಕ. ಸೋಮವಾರ ರಾತ್ರಿ ಊಟ ಮುಗಿಸಿ ಕೂತೆ. ಹಳೆಯ ಕಂಪೈಲ್ ಕಡತಗಳನ್ನು ಅಳಿಸಿದೆ. ಮತ್ತೆ ಕಟ್ಟಿದೆ. ಯಾವ ಅಪಸ್ವರವೂ ಬರಲಿಲ್ಲ. ನಂಬಿಕೆಯಾಗದೆ ಇನ್ನೊಮ್ಮೆ ಮೇಕ್ ಹೊಡೆದೆ. ‘ಮಾಡಲು ಏನೂ ಉಳಿದಿಲ್ಲ’ ಎಂದಿತು. ಅಷ್ಟು ಹಿತವಾದ ಮಾತನ್ನು ನನಗೆ ಇತ್ತೀಚೆಗೆ ಯಾರೂ ಹೇಳಿರಲಿಲ್ಲ. ಕಡತಗಳನ್ನು ಅವುಗಳ ಜಾಗಕ್ಕೆ ನಕಲು ಮಾಡಿದೆ. ಉತ್ತರವಿಲ್ಲ. ಎಡಿಟರ್ ತೆರೆದೆ. ಯಾವ ಬೈಗುಳವೂ ಇಲ್ಲ. ಪಿಡಿಎಫ್ ತೆರೆದೆ. ಎಡಗಡೆ ಮೂಲದ ಪುಟ, ಬಲಗಡೆ ನನ್ನ ಅರ್ಧ ವಾಕ್ಯದ ಕನ್ನಡ. ಗಂಟೆ ಒಂದೂವರೆ.

ಶಹಭಾಷ್ ಎನ್ನಲಿಲ್ಲ, ಗಂಟೆ ಬಾರಿಸಲಿಲ್ಲ. ಯೂನಿಕ್ಸ್‌ನವರ ಹಳೆಯ ಪದ್ಧತಿ ಅದು: ಕೆಲಸ ಕೆಟ್ಟರೆ ಮಾತ್ರ ಬಾಯಿ ಬಿಡಬೇಕು, ಸರಿಯಾದರೆ ಹೇಳುವುದೇನೂ ಇಲ್ಲ. ಮೂರು ದಿನ ನನ್ನೊಡನೆ ವಾದಿಸಿದ ಯಂತ್ರ ಈಗ ಸುಮ್ಮನಿತ್ತು. ಆಗ, ಮಾನ್ಯರೇ, ತಮ್ಮ ನೆನಪಾಯಿತು. ಮೊದಲ ಪ್ಯಾರಾದಲ್ಲಿ ಸುಳ್ಳು ಹೇಳಿದ ತಾವು ಕೊನೆಯ ಸಾಲಿನಲ್ಲಿ ನಿಜವಾಗಿಯೇ ಬಂದು ಕೂತಿದ್ದಿರಿ. ಜಾಗ ತಪ್ಪಿದ್ದೇ ತಮ್ಮ ತಪ್ಪು.

ಬೆಳಿಗ್ಗೆ ಅಕ್ಕನ ಮಗಳಿಗೆ ಫೋನ್ ಮಾಡಿ ವರದಿ ಒಪ್ಪಿಸಿದೆ. ಅವಳು ನಕ್ಕಳು. ‘ಅಯ್ಯೋ ಮಾಮ, ನಾನು ಹಳೇದಿರತ್ತೆ ಅಂದಿದ್ದು ಉಬುಂಟು ಕೊಡೋದನ್ನ. ಈಮ್ಯಾಕ್ಸ್ ಒಳಗೇ ಪ್ಯಾಕೇಜ್ ಮ್ಯಾನೇಜರ್ ಇದ್ಯಲ್ಲ, ಅದ್ರಲ್ಲಿ ಹೊಸದೇ ಸಿಗತ್ತೆ. ಲಿಸ್ಪ್ ಭಾಗ, ಆ ಇನ್ನೊಂದು ಪ್ಯಾಕೇಜು, ಪಾತ್ ಎಲ್ಲಾ ಅದೇ ನೋಡ್ಕೊಳತ್ತೆ. ಹೇಳಿರ್ಲಿಲ್ವಾ?’ ಹೇಳಿರಲಿಲ್ಲ. ಆ ವ್ಯವಸ್ಥೆ 2012ರ 24ನೇ ಆವೃತ್ತಿಯಿಂದಲೇ ಎಡಿಟರಿನ ಒಳಗಿದೆಯಂತೆ. 2023ರ 29ನೇ ಆವೃತ್ತಿಯಿಂದ ಗಿಟ್ ವಿಳಾಸ ಕೊಟ್ಟರೆ ಸೋರ್ಸನ್ನೇ ತಂದು ಹಾಕಿಕೊಳ್ಳುವ ಆಜ್ಞೆಯೂ ಇದೆಯಂತೆ. ‘ಸುಮ್ನೆ ಅದನ್ನೇ ಕೊಟ್ಟಿದ್ರೆ ಆಗೋದು’ ಎಂದಳು. ಪಾಪ್ಲರಿನ ಚೀಟಿಯನ್ನು ಅದೂ ತಂದುಕೊಡುವುದಿಲ್ಲವಲ್ಲ ಎಂದು ನಾನು ಕೇಳಿದೆ. ಒಂದು ಕ್ಷಣ ಆ ಕಡೆ ಮೌನ. ‘ಹೌದಲ್ವಾ’ ಎಂದಳು. ಮೂರು ದಿನದ ನನ್ನ ಸಂಪಾದನೆ ಆ ‘ಹೌದಲ್ವಾ’.

ಆದಕಾರಣ ತಮ್ಮಲ್ಲಿ ನನ್ನ ಮನವಿ ಇಷ್ಟೆ. ತಾವು ವೃತ್ತಿ ಬಿಡಬೇಕೆಂದು ನಾನು ಕೇಳುವುದಿಲ್ಲ. ತಾವಿಲ್ಲದೆ ಕನ್ನಡಿಗರು ಅರ್ಧ ಸಂಸಾರ ನಡೆಸಲಾರರು. ರೀಡ್‌ಮಿಯ ಮೊದಲ ಪ್ಯಾರಾದಿಂದ ಮಾತ್ರ ಎದ್ದು, ಆ ಜಾಗವನ್ನು ‘ಮೊದಲು ಇವು ಇವೆಯೇ ನೋಡಿಕೊಳ್ಳಿ’ ಎಂಬ ಬಡಪಾಯಿ ವಾಕ್ಯಕ್ಕೆ ಬಿಟ್ಟುಕೊಡಿ. ಅದಕ್ಕೆ ತಮ್ಮಷ್ಟು ಚೆಲುವಿಲ್ಲ, ಉದ್ದವೂ ಜಾಸ್ತಿ. ಆದರೆ ಊಟ ಬಿಸಿ ಇರುವಾಗಲೇ ಮನೆಯವರನ್ನು ಕರೆತರುತ್ತದೆ.

ಇನ್ನೊಂದು ವಿಷಯ. ನಡೆದದ್ದನ್ನೆಲ್ಲ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ, ಕನ್ನಡದಲ್ಲಿ. ಯಾವ ಪೊಟ್ಟಣ ಮೊದಲು, ಯಾವ ಪ್ರಶ್ನೆಗೆ ಹೆದರಬಾರದು, ಎಲ್ಲಿ ಟ್ಯಾಬ್, ಯಾವ ಕಡತ ಅಳಿಸಬೇಕು, ‘ಇಲ್ಲ’ ಎಂದಾಗ ನಿಜವಾಗಿ ಏನು ಇಲ್ಲ. ಮೂರು ಸಾಲು ಇಪ್ಪತ್ತಮೂರಾಯಿತು. ಅದರ ಫೋಟೊ ತೆಗೆದು ಅಕ್ಕನ ಮಗಳಿಗೆ ಕಳಿಸಿದೆ. ಸಂಜೆ ಅವಳೇ ಫೋನ್ ಮಾಡಿದಳು.

‘ಮಾಮ, ಆಗ್ಲೇ ಕೆಲಸ ಆಯ್ತಲ್ಲ, ಇಷ್ಟೊಂದೆಲ್ಲಾ ಕೂತ್ಕೊಂಡು ಯಾಕೆ ಬರ್ದೆ?’

ನನ್ನ ಹಾಗೇ ಊಟ ಬಿಟ್ಟು ಪರದೆ ನೋಡುತ್ತಾ ಕೂತಿರುವ, ಹೆಸರು ಗೊತ್ತಿಲ್ಲದ ಯಾರೋ ಒಬ್ಬರು ಕಣ್ಣ ಮುಂದೆ ಬಂದರು. ಹೇಳಹೋದರೆ ದೊಡ್ಡ ಮಾತಾಗುತ್ತಿತ್ತು.

‘ಏನಿಲ್ಲ ಕಣೇ’ ಎಂದೆ. ‘ಸುಮ್ನೆ.’

ಇತಿ ತಮ್ಮ ವಿಶ್ವಾಸಿ,
ಟ್ಯಾಬ್ ತೆಗೆದು ಸ್ಪೇಸ್ ಹಾಕಿದವನು,
ಮೈಸೂರು